ಸಿಜೇರಿಯನ್ ಬಾಣಂತಿಯ ಆರು ವಾರ

(ಶಲವಡಿಯ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಈದ ಎಮ್ಮೆಯ ಆರೈಕೆಯನ್ನು ನಾವು ಒಂದು ದಿನವೂ ತಪ್ಪಿಸುವುದಿಲ್ಲ. ಹೊಟ್ಟೆ ಕೊಯ್ಸಿಕೊಂಡು ಹೆತ್ತ ತಾಯಿ ಮಾತ್ರ ಹದಿನೈದೇ ದಿನಕ್ಕೆ ಮೇವಿನ ಹೊರೆ ಹೊರಬೇಕೇ?

ಮೇಲಿನ ಹೊಲಿಗೆ ಬೇಗ ಕೂಡುತ್ತದೆ. ಗರ್ಭಕೋಶದ ಗಾಯ ಮಾಯಲು ಆರು ವಾರವಾದರೂ ಬೇಕು. ಅಲ್ಲಿಯವರೆಗೆ ಕೂಸಿಗಿಂತ ಭಾರವಾದುದನ್ನು ಎತ್ತಬೇಡಿರಿ. ಹಾಲಿನ ಕ್ಯಾನು, ನೀರಿನ ಕೊಡ, ಸಗಣಿ ಬುಟ್ಟಿ ಮನೆಯವರ ಪಾಲಿಗಿರಲಿ. ಹಾಗೆಂದು ಮಲಗಿಯೇ ಇರಬೇಡಿರಿ. ನಿಧಾನವಾಗಿ ಅಡ್ಡಾಡಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ. ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಿರಿ.

ನೀರು ಕುಡಿದರೆ ಗಾಯ ಕೀವಾಗುತ್ತದೆಂಬುದು ತಪ್ಪು ತಿಳುವಳಿಕೆ. ಕುದಿಸಿ ಆರಿಸಿದ ನೀರು, ಕಾಯಿಸಿದ ಹಾಲು, ರೊಟ್ಟಿ, ಬೇಳೆ, ಸೊಪ್ಪು ಧಾರಾಳವಾಗಿರಲಿ. ಕಬ್ಬಿಣಾಂಶದ ಗುಳಿಗೆಯನ್ನು 180 ದಿನ ನುಂಗಬೇಕು. ಗಾಯಕ್ಕೆ ಬೂದಿ, ಎಣ್ಣೆ ಹಚ್ಚದೆ ಸ್ವಚ್ಛವಾಗಿ, ಒಣದಾಗಿ ಇಡಿರಿ.

ಜ್ವರ, ಗಾಯದಲ್ಲಿ ಕೀವು, ದುರ್ವಾಸನೆಯ ಸ್ರಾವ, ಅತಿ ರಕ್ತಸ್ರಾವ, ಒಂದೇ ಕಾಲಿಗೆ ಬಾವು, ಏದುಸಿರು - ಇವುಗಳಲ್ಲಿ ಒಂದು ಕಂಡರೂ ಬೆಳಗಿನವರೆಗೆ ಕಾಯದೆ 108ಕ್ಕೆ ಕರೆ ಮಾಡಿರಿ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ದವಾಖಾನೆಯಲ್ಲಿ ಬಾಣಂತಿಯ ಚಿಕಿತ್ಸೆ ಉಚಿತ, ಖರ್ಚಿಗೆ ಅಂಜಬೇಡಿರಿ.

ಗಂಡಸರೇ, ಈ ಆರು ವಾರ ಡೇರಿಗೆ ಕ್ಯಾನು ನೀವೇ ಒಯ್ಯಿರಿ.