ಜಡ್ಡುಗಟ್ಟದ ಪೊರೆ

ಬಂಗಾರಪೇಟೆಯಿಂದ ಮಾರಿಕುಪ್ಪದ ರೈಲು ಹತ್ತಿದವರು ಚಿನ್ನದ ಗಣಿಯ ಸೀಮೆಯಲ್ಲಿ ದೊಡ್ಡ ದೊಡ್ಡ ದಿಬ್ಬಗಳನ್ನು ಕಂಡಿರಬೇಕು. ಅಲ್ಲಿನವರು ಅವನ್ನು ಸೈನೈಡ್ ದಿಬ್ಬಗಳೆನ್ನುತ್ತಾರೆ. ಅರೆದು, ಚಿನ್ನ ತೆಗೆದುಕೊಂಡ ಮೇಲೆ ಉಳಿದ ಕಲ್ಲಿನ ಪುಡಿ ಅದು. 2001ರಲ್ಲಿ ಗಣಿಗಳು ಮುಚ್ಚಿದುವು, ದಿಬ್ಬಗಳು ಉಳಿದುವು. ನಾನು ಹೇಳಹೊರಟಿರುವುದು ಚಿನ್ನದ ಮಾತಲ್ಲ. ಕಲ್ಲಿನ ಧೂಳಿಗೂ ನಮ್ಮ ಮೈಯೊಳಗಿನ ಒಂದು ತೆಳುಪೊರೆಗೂ ಇರುವ ವೈರದ ಮಾತು.

ಶರೀರದ ಹೊರಮೈಯನ್ನೂ ಒಳಗಿನ ನಾಳಗಳ ಗೋಡೆಯನ್ನೂ ಹೊದಿಸಿರುವುದು ಅನುಲೇಪಕ ಅಂಗಾಂಶ. ಜೀವಕೋಶಗಳು ಎಡೆಯಿಲ್ಲದಂತೆ ಒತ್ತಾಗಿ ಸೇರಿ ಹಾಳೆಯಾಗಿರುತ್ತವೆ. ಅದರೊಳಗೆ ರಕ್ತನಾಳಗಳಿಲ್ಲ, ಕೆಳಗಿನಿಂದ ಒಸರಿ ಬಂದುದೇ ಆಹಾರ. ಕೆಲಸಕ್ಕೆ ತಕ್ಕಂತೆ ಅದರ ರೂಪ. ಅಂಗೈಯಲ್ಲಿ ಪದರದ ಮೇಲೆ ಪದರ, ಉಜ್ಜಿದಷ್ಟೂ ದಪ್ಪವಾಗುತ್ತದೆ. ಡ್ರಿಲ್ ಹಿಡಿದ ಕೈ ಜಡ್ಡುಗಟ್ಟುವುದು ಹೀಗೆ.

ಶ್ವಾಸನಾಳದಲ್ಲಿ ಅದೇ ಅಂಗಾಂಶ ಬೇರೆ ವೇಷ ತೊಡುತ್ತದೆ. ಕಂಬದಂತಹ ಕೋಶಗಳು, ತುದಿಯಲ್ಲಿ ಸೂಕ್ಷ್ಮ ರೋಮಗಳು, ನಡುನಡುವೆ ಲೋಳೆ ಸುರಿಸುವ ಕೋಶಗಳು. ಧೂಳು ಲೋಳೆಗೆ ಅಂಟುತ್ತದೆ. ರೋಮಗಳು ಗಾಳಿಗೆ ತೂಗುವ ರಾಗಿಯ ಪೈರಿನಂತೆ ಅಲೆಯಲೆಯಾಗಿ ಆಡಿ ಅದನ್ನು ಗಂಟಲಿನತ್ತ ದೂಡುತ್ತವೆ. ಬೀಡಿಯ ಹೊಗೆ ಮೊದಲು ಮಂಕಾಗಿಸುವುದು ಈ ಕಾವಲುಗಾರರನ್ನೇ ಎಂಬುದು ಸೇದುವವರಿಗೆ ತಿಳಿದಿರಲಿ.

ಇನ್ನೂ ಒಳಗೆ ವಾಯುಕೋಶಗಳು. ಅಲ್ಲಿ ಒಂದೇ ಪದರ, ಅದೂ ಚಪ್ಪಟೆ. ಬಹುಪಾಲು ಎಡೆಗಳಲ್ಲಿ ಗಾಳಿಗೂ ರಕ್ತಕ್ಕೂ ನಡುವಣ ಅಂತರ ಮಿಲಿಮೀಟರಿನ ಸಾವಿರದಲ್ಲೊಂದು ಪಾಲನ್ನೂ ಮೀರದು. ಆಮ್ಲಜನಕ ದಾಟಬೇಕಾದರೆ ಅಷ್ಟು ತೆಳುವಾಗಿರಲೇಬೇಕು. ಕೈ ಜಡ್ಡುಗಟ್ಟಿದರೆ ದುಡಿಮೆಗೆ ಅನುಕೂಲ. ಇದು ದಪ್ಪವಾದರೆ ಉಸಿರಿಗೇ ಸಂಚಕಾರ.

ಕೋಲಾರದ ಚಿನ್ನವಿದ್ದದ್ದು ಬೆಣಚುಕಲ್ಲಿನ ಎಳೆಗಳಲ್ಲಿ, ಬೆಣಚೆಂದರೆ ಸಿಲಿಕಾ. ಬಂಡೆ ಕೊರೆದಾಗ, ಮದ್ದು ಸಿಡಿಸಿದಾಗ ಏಳುವ ದಪ್ಪ ಕಣಗಳನ್ನು ರೋಮಗಳು ತಡೆದಾವು. ಕಣ್ಣಿಗೆ ಕಾಣದ ನುಣ್ಣನೆಯ ಕಣಗಳು ನೇರವಾಗಿ ವಾಯುಕೋಶಕ್ಕಿಳಿಯುತ್ತವೆ. ಅವನ್ನು ನುಂಗಬಂದ ಭಕ್ಷಕಕೋಶ ಅರಗಿಸಲಾರದೆ ತಾನೇ ಸಾಯುತ್ತದೆ. ಹೊರಬಿದ್ದ ಕಣ ಮತ್ತೊಂದನ್ನು ಕೊಲ್ಲುತ್ತದೆ. ಆ ಜಾಗದಲ್ಲಿ ನಾರು ಬೆಳೆದು ಗಂಟಾಗುತ್ತದೆ. ಇದೇ ಸಿಲಿಕೋಸಿಸ್, ಕ್ಷಯಕ್ಕೂ ಬಾಗಿಲು ತೆರೆಯುವ ರೋಗ. ಭಾರತದಲ್ಲಿ ಇದರ ಮೊದಮೊದಲ ವರದಿಗಳಲ್ಲೊಂದು, 1947ರದು, ಬಂದದ್ದು ಕೋಲಾರದ ಗಣಿಗಳಿಂದಲೇ. ನೀರು ಹಾಯಿಸಿ ಕೊರೆಯುವ ಪದ್ಧತಿ ಧೂಳನ್ನು ತಗ್ಗಿಸಬಲ್ಲದು. ಒಮ್ಮೆ ಎದೆಯೊಳಗೆ ನಾರಾಗಿ ನಿಂತುದನ್ನು ಕರಗಿಸುವ ಔಷಧ ಮಾತ್ರ ಇಂದಿಗೂ ಇಲ್ಲ. ಗಣಿ ಬಿಟ್ಟು ಎಷ್ಟೋ ವರ್ಷಗಳ ಮೇಲೂ ಅದು ಬಲಿಯುತ್ತ ಹೋಗಬಹುದು.

ಗಾಳಿ ಬೀಸುವ ದಿನಗಳಲ್ಲಿ ದಿಬ್ಬಗಳ ಪುಡಿ ಕಾರ್ಮಿಕರ ಹಳೆಯ ಸಾಲುಮನೆಗಳತ್ತ ಹಾರಿಬರುತ್ತದೆ. ಒಂದು ದಿನವೂ ಗಣಿಗಿಳಿಯದ ಮಕ್ಕಳು ಆಡುವುದು ಆ ಗಾಳಿಯಲ್ಲೇ.