ತೀರ್ಪಿಗೆ ಮುನ್ನ ತಪಾಸಣೆ

ಮಡಿಕೇರಿಯಂಥ ಊರಿನ ಡಿಸೆಂಬರ್ ಚಳಿಯಲ್ಲಿ ಕಾರ್ಬ್ಯುರೇಟರ್ ಕಾಲದ ಮಾರುತಿ 800 ಬೆಳಿಗ್ಗೆ ಬೇಗ ಸ್ಟಾರ್ಟ್ ಆಗದಿದ್ದರೆ, ಮನೆಯವರ ತೀರ್ಪು ಸಿದ್ಧ: "ಗಾಡಿಗೆ ವಯಸ್ಸಾಯ್ತು, ಮಾರಿಬಿಡಿ."

ಆದರೆ ಚಳಿಗೆ ಪೆಟ್ರೋಲ್ ಸುಲಭವಾಗಿ ಆವಿಯಾಗದು, ಎಂಜಿನ್ ಆಯಿಲ್ ಮಂದವಾಗುತ್ತದೆ, ಬ್ಯಾಟರಿಯ ಕಸುವು ಕುಗ್ಗುತ್ತದೆ. ಅದೇ ಹೊತ್ತಿಗೆ ಸ್ಪಾರ್ಕ್ ಪ್ಲಗ್ಗಿನ ತುದಿ ಸವೆದು ಗ್ಯಾಪ್ ಹಿಗ್ಗಿದ್ದರೆ, ಕಿಡಿ ಹಾರಲು ಇನ್ನೂ ಹೆಚ್ಚು ವೋಲ್ಟೇಜ್ ಬೇಕು.

ಅನುಭವಿ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿಯುವ ಮೊದಲು ಕಿವಿಗೊಡುತ್ತಾನೆ. ಸ್ಟಾರ್ಟರ್ ತಡವರಿಸಿದರೆ ಬ್ಯಾಟರಿ, ಟರ್ಮಿನಲ್ ನೋಡುತ್ತಾನೆ. ಚುರುಕಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಚೋಕ್, ಪೆಟ್ರೋಲ್, ಪ್ಲಗ್ಗುಗಳ ಕಡೆ ಹೋಗುತ್ತಾನೆ. ಆ ಎಂಜಿನ್ನಿನ ಮೂರು ಪ್ಲಗ್ಗುಗಳನ್ನು, ವೈರು ಅದಲುಬದಲಾಗದಂತೆ, ಒಂದೊಂದಾಗಿ ಬಿಚ್ಚಿ, ವೈದ್ಯರು ನಾಲಿಗೆ ನೋಡುವಂತೆ ಅವುಗಳ ಬಣ್ಣ ನೋಡುತ್ತಾನೆ. ತಿಳಿಕಂದು ಇದ್ದರೆ ಕ್ಷೇಮ. ಒಣ ಕಪ್ಪುಮಸಿ ಇದ್ದರೆ ಬಹುಮಟ್ಟಿಗೆ ಗಾಳಿಯೊಡನೆ ಪೆಟ್ರೋಲಿನ ಪಾಲು ಬೇಕಾದ್ದಕ್ಕಿಂತ ಹೆಚ್ಚಾಗಿದೆ. ಎಣ್ಣೆಜಿಡ್ಡು ಇದ್ದರೆ ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಸವೆದಿರಬೇಕು.

ಹಳೆಯ ಪ್ಲಗ್ ತೆಗೆದು ಹೊಸದು ಹಾಕುವುದು ಕಷ್ಟವಲ್ಲ. ಆದರೆ ಮಸಿಯ ಮೂಲ ಹುಡುಕದಿದ್ದರೆ ಹೊಸ ಪ್ಲಗ್ಗೂ ಕಪ್ಪಾಗುತ್ತದೆ.

ಮನುಷ್ಯರ ವಿಷಯದಲ್ಲಿ ನಮಗೆ ಇಷ್ಟು ತಾಳ್ಮೆ ಇದೆಯೇ? ಮಗು ಓದಿನಲ್ಲಿ ಹಿಂದೆ ಬಿದ್ದರೆ "ದಡ್ಡ" ಎನ್ನುತ್ತೇವೆ. ಕಣ್ಣಿನ ದೋಷವಿದೆಯೇ, ನಿದ್ದೆ ಸಾಲುತ್ತಿಲ್ಲವೇ, ತರಗತಿಯಲ್ಲಿ ಭಯವೇ ಎಂದು ಕೇಳುವುದಿಲ್ಲ. ಟ್ಯೂಷನ್ ಬದಲಿಸುತ್ತೇವೆ, ಕಾರಣವನ್ನು ಹಾಗೇ ಬಿಡುತ್ತೇವೆ. ಯಾರನ್ನಾದರೂ ನಿಷ್ಪ್ರಯೋಜಕ ಎನ್ನುವ ಮೊದಲು, ತೊಂದರೆ ಎಲ್ಲಿದೆ ಎಂದು ಒಂದೊಂದಾಗಿ ವಿಚಾರಿಸುವ ಸೌಜನ್ಯ ನಮಗಿರಲಿ.