ಲೆಕ್ಕಕ್ಕೂ ಬೇಕು ಅನ್ವಯ



ಹಳೆಗನ್ನಡ ಪದ್ಯವನ್ನು ಪಾಠ ಮಾಡುವಾಗ ನಿಮ್ಮ ಕನ್ನಡ ಗುರುಗಳು ಏನು ಮಾಡುತ್ತಾರೆಂಬುದನ್ನು ನೆನಪಿಸಿಕೊಳ್ಳಿ. ಮೊದಲು ಸಂಧಿ ಬಿಡಿಸಿ ಮಾತುಗಳನ್ನು ಬೇರೆ ಬೇರೆ ಮಾಡುತ್ತಾರೆ. ಬಳಿಕ ಯಾವುದು ಯಾವುದಕ್ಕೆ ಸೇರಬೇಕೆಂದು ನೋಡಿ ಅನ್ವಯ ಮಾಡುತ್ತಾರೆ. ಅರ್ಥ ಹೇಳುವುದು ಕೊನೆಗೆ. ಅನ್ವಯ ತಪ್ಪಿದರೆ ಗೆದ್ದವನು ಯಾರು, ಸೋತವನು ಯಾರು ಎಂಬುದೇ ಅದಲುಬದಲಾದೀತು. ಗಣಕಯಂತ್ರವು ಲೆಕ್ಕದ ಒಂದು ಸಾಲನ್ನು ಓದುವುದೂ ಇದೇ ಕ್ರಮದಲ್ಲಿ. ಈ ಕೆಲಸಕ್ಕೆ ಪಾರ್ಸಿಂಗ್ ಎಂದು ಹೆಸರು. ಇದನ್ನು ಮಾಡಿಕೊಡುವ ಸಿದ್ಧ ಲೈಬ್ರರಿಗಳು ಇಂದು ಮುಕ್ತ ತಂತ್ರಾಂಶವಾಗಿ ಯಾರಿಗೆ ಬೇಕಾದರೂ ದೊರೆಯುತ್ತವೆ. ಅವುಗಳನ್ನು ಬಳಸುವ ಮುನ್ನ ನಾವು ಏನನ್ನು ತಿಳಿದಿರಬೇಕು ಎಂಬುದನ್ನು ಈಗ ನೋಡೋಣ.

ವಿಜಯಪುರದ ಹೆಸರಿಗೂ ಇಂಥ ಲೆಕ್ಕಕ್ಕೂ ಹಳೆಯ ನಂಟಿದೆ. 1114ರಲ್ಲಿ ಹುಟ್ಟಿದ ಎರಡನೆಯ ಭಾಸ್ಕರಾಚಾರ್ಯನು ತನ್ನ ಊರು ವಿಜ್ಜಡವಿಡ ಎಂದು ಹೇಳಿಕೊಂಡಿದ್ದಾನೆ. ಅದು ಇಂದಿನ ವಿಜಯಪುರವೇ ಎಂದು ಹಲವರ ಅಭಿಪ್ರಾಯ; ಮಹಾರಾಷ್ಟ್ರದ ಚಾಳೀಸಗಾಂವ್ ಸೀಮೆಯನ್ನು ತೋರಿಸುವ ವಿದ್ವಾಂಸರೂ ಇದ್ದಾರೆ. 1150ರಲ್ಲಿ ಅವನು ರಚಿಸಿದ ‘ಲೀಲಾವತಿ’ಯ ಲೆಕ್ಕಗಳು ಪದ್ಯರೂಪದಲ್ಲಿವೆ. ಅಲ್ಲಿ ವಿಲೋಮವಿಧಿ ಎಂಬ ಕ್ರಮವೊಂದಿದೆ. ಯಾವುದೋ ಸಂಖ್ಯೆಯ ಮೇಲೆ ಹಲವು ಕ್ರಿಯೆಗಳನ್ನು ನಡೆಸಿ, ಬಂದ ಉತ್ತರವನ್ನು ಮಾತ್ರ ಕೊಡುತ್ತಾರೆ. ನಾವು ಕೊನೆಯ ಕ್ರಿಯೆಯಿಂದ ಹಿಂದಕ್ಕೆ ನಡೆಯುತ್ತ, ಕೂಡಿದಲ್ಲಿ ಕಳೆಯುತ್ತ, ಗುಣಿಸಿದಲ್ಲಿ ಭಾಗಿಸುತ್ತ ಮೂಲ ಸಂಖ್ಯೆಯನ್ನು ಹಿಡಿಯಬೇಕು. ಯಾವ ಕ್ರಿಯೆ ಮೊದಲು, ಯಾವುದು ಆಮೇಲೆ ಎಂಬುದು ಸ್ಪಷ್ಟವಾಗದೆ ಈ ಲೆಕ್ಕ ಬಿಡಿಸಲು ಬಾರದು.

ಈಗ ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿಯ ಲೆಕ್ಕವೊಂದನ್ನು ತೆಗೆದುಕೊಳ್ಳೋಣ. ಒಣದ್ರಾಕ್ಷಿ ತುಂಬಿದ ಪೆಟ್ಟಿಗೆಯ ತೂಕ 16 ಕಿಲೋ, ಬರಿಯ ಪೆಟ್ಟಿಗೆಯ ತೂಕ 1 ಕಿಲೋ, ದರ ಕಿಲೋಗೆ 150 ರೂಪಾಯಿ ಎಂದಿಟ್ಟುಕೊಳ್ಳಿ. 16 − 1 × 150 ಎಂದು ಒತ್ತಿದರೆ ಅಂಗಡಿಯಲ್ಲಿರುವ ಸಾದಾ ಕ್ಯಾಲ್ಕುಲೇಟರ್ 2250 ಎನ್ನುತ್ತದೆ. ನಿಮ್ಮ ಸೈಂಟಿಫಿಕ್ ಕ್ಯಾಲ್ಕುಲೇಟರ್ −134 ಎನ್ನುತ್ತದೆ. ಒತ್ತಿದ ಗುಂಡಿಗಳು ಅವೇ, ಅನ್ವಯ ಮಾತ್ರ ಬೇರೆ. ಮೊದಲನೆಯದು ಬಂದ ಕ್ರಮದಲ್ಲೇ ಲೆಕ್ಕ ಮಾಡಿತು. ಎರಡನೆಯದು ಗುಣಾಕಾರಕ್ಕೆ ಆದ್ಯತೆ ಕೊಟ್ಟಿತು. ಎರಡನೆಯದರಲ್ಲೂ ಸರಿಯಾದ ಉತ್ತರ ಬೇಕಾದರೆ ನಾವೇ ಆವರಣ ಹಾಕಿ (16 − 1) × 150 ಎಂದು ಬರೆಯಬೇಕು, ಯಂತ್ರಕ್ಕೆ ಆವರಣ ಅರ್ಥವಾಗಬೇಕು.

ಉತ್ತರ −134 ಬಂದರೆ ಯಾರಾದರೂ ತಪ್ಪನ್ನು ಹಿಡಿದಾರು. ಕಣ್ಣಿಗೆ ಬೀಳದ ತಪ್ಪೇ ಹೆಚ್ಚು ಅಪಾಯದ್ದು. ಮಾಲು ಮಾರಿದ ಹಣ 60,000. ಅದರಲ್ಲಿ ಬಾಡಿಗೆ 4,000, ಹಮಾಲಿ 1,000 ಕಳೆಯಬೇಕು. 60,000 − 4,000 − 1,000 ಎಂದರೆ ರೈತನ ಕೈಗೆ 55,000. ಪ್ರೋಗ್ರಾಂ ಬರೆದವನು ಬಲಗಡೆಯ ಎರಡನ್ನು ಮೊದಲು ಜೋಡಿಸುವಂತೆ ಬರೆದಿದ್ದರೆ ಅದು 4,000ದಲ್ಲಿ 1,000 ಕಳೆದು, ಉಳಿದ 3,000ವನ್ನು 60,000ದಿಂದ ತೆಗೆದು, 57,000 ಎಂದು ತೋರಿಸುತ್ತದೆ. ಯಂತ್ರ ನಿಲ್ಲಲಿಲ್ಲ, ದೋಷದ ಸೂಚನೆಯೂ ಬರಲಿಲ್ಲ. ಎರಡು ಸಾವಿರ ರೂಪಾಯಿ ಮಾತ್ರ ಹೆಚ್ಚುಕಡಿಮೆಯಾಯಿತು. ಆಮೇಲೆ ರೈತನಿಗೂ ವ್ಯಾಪಾರಿಗೂ ಜಗಳ. ಅದಕ್ಕೆ ಕಾರಣನಾದ ಪ್ರೋಗ್ರಾಂಕಾರ ಅಲ್ಲಿರುವುದಿಲ್ಲ.

ಹಾಗಾದರೆ ಸರಿಯಾದ ಅನ್ವಯವನ್ನು ಯಂತ್ರಕ್ಕೆ ಕಲಿಸುವುದು ಹೇಗೆ? ಶಾಲೆಯ ಬೀಜಗಣಿತದ ಮೂರು ಶಬ್ದಗಳೇ ಸಾಕು. ಬೀಜೋಕ್ತಿ ಎಂದರೆ ಒಂದು ಪದ, ಅದರ ಮುಂದೆ + ಅಥವಾ − ಚಿಹ್ನೆಯೊಡನೆ ಬರುವ ಇನ್ನಷ್ಟು ಪದಗಳು. ಪದ ಎಂದರೆ ಒಂದು ಅಪವರ್ತನ, ಅದರ ಮುಂದೆ × ಅಥವಾ ÷ ಚಿಹ್ನೆಯೊಡನೆ ಬರುವ ಇನ್ನಷ್ಟು ಅಪವರ್ತನಗಳು. ಅಪವರ್ತನ ಎಂದರೆ ಒಂದು ಸಂಖ್ಯೆ, ಇಲ್ಲವೆ ಆವರಣದೊಳಗಿನ ಒಂದು ಬೀಜೋಕ್ತಿ. ಮೂರನೆಯ ನಿಯಮ ಮತ್ತೆ ಮೊದಲನೆಯದನ್ನೇ ಕರೆಯುವುದನ್ನು ಗಮನಿಸಿ. ಆದ್ದರಿಂದ ಆವರಣದೊಳಗೆ ಆವರಣ ಎಷ್ಟಿದ್ದರೂ ಈ ಮೂರೇ ನಿಯಮ ಸಾಕು. ಇಂಥ ನಿಯಮಗಳನ್ನು ಬರೆಯುವ ಸಂಕೇತಕ್ರಮಕ್ಕೆ ಜಾನ್ ಬ್ಯಾಕಸ್ ಮತ್ತು ಪೀಟರ್ ನೌರ್ ಅವರ ಹೆಸರಿದೆ. ಪಾಣಿನಿ ತನ್ನ ವ್ಯಾಕರಣದಲ್ಲಿ ಇಂಥ ಕ್ರಮವನ್ನು ಬಹು ಹಿಂದೆಯೇ ಬಳಸಿದ್ದಾನಾದ್ದರಿಂದ ಅವನ ಹೆಸರನ್ನೂ ಸೇರಿಸಬೇಕೆಂದು 1967ರಲ್ಲಿ ಇಂಗರ್‌ಮನ್ ಎಂಬವರು ಸೂಚಿಸಿದರು.

ನಿಯಮವನ್ನು ಯಂತ್ರ ನಡೆಸುವ ಒಂದು ಬಗೆಯನ್ನು ರೈಲಿನ ಹೋಲಿಕೆಯಿಂದ ತಿಳಿಯಬಹುದು. ರೈಲು ನಿಲ್ದಾಣಗಳಲ್ಲಿ ಡಬ್ಬಿಗಳನ್ನು ಪಕ್ಕದ ಹಳಿಗೆ ಸರಿಸಿ, ಬೇಕಾದಾಗ ಮುಖ್ಯ ಹಳಿಗೆ ತರುವ ಶಂಟಿಂಗ್ ಕೆಲಸವನ್ನು ನೀವು ಬಲ್ಲಿರಿ. ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1961ರಲ್ಲಿ ವಿವರಿಸಿದ ವಿಧಾನಕ್ಕೆ ಇದರಿಂದಲೇ ಶಂಟಿಂಗ್ ಯಾರ್ಡ್ ಎಂಬ ಹೆಸರು ಬಂದಿದೆ. ಸಂಖ್ಯೆಗಳು ನೇರವಾಗಿ ಮುಂದೆ ಹೋಗುತ್ತವೆ. ಚಿಹ್ನೆಗಳು ಪಕ್ಕದ ಹಳಿಯಲ್ಲಿ ಕಾಯುತ್ತವೆ. ಕಾಯುತ್ತಿರುವ ಚಿಹ್ನೆಗೆ ಸಮನಾದ ಅಥವಾ ಅದಕ್ಕಿಂತ ಕೆಳಗಿನ ಆದ್ಯತೆಯ ಚಿಹ್ನೆ ಬಂದರೆ, ಕಾಯುತ್ತಿದ್ದುದು ಮೊದಲು ಹೊರಡುತ್ತದೆ. ಹೀಗೆ 16 − 1 × 150 ಎಂಬುದು 16, 1, 150, ×, − ಎಂಬ ಸಾಲಾಗುತ್ತದೆ. ಕ್ರಿಯೆಗಳು ನಡೆಯಬೇಕಾದ ಕ್ರಮದಲ್ಲಿಯೇ ನಿಂತಿರುವುದನ್ನು ನೋಡಿ.

ಇದನ್ನೆಲ್ಲ ಪ್ರತಿಯೊಬ್ಬರೂ ಮೊದಲಿನಿಂದ ಬರೆಯಬೇಕಾಗಿಲ್ಲ. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ‘ಯಾಕ್’ ಎಂಬ ಸಾಧನವನ್ನು ರಚಿಸಿದರು. ನಿಯಮಗಳನ್ನು ಕೊಟ್ಟರೆ ಅದು ಪಾರ್ಸರನ್ನೇ ಬರೆದುಕೊಡುತ್ತದೆ. ಗ್ನೂ ಯೋಜನೆಯ ‘ಬೈಸನ್’ ಅದೇ ದಾರಿಯ ಮುಕ್ತ ಸಾಧನ. ಪೈಥಾನ್ ಭಾಷೆ ಕಲಿಯುವವರಿಗೆ ‘ಪೈಪಾರ್ಸಿಂಗ್’, ‘ಲಾರ್ಕ್’ ಎಂಬ ಲೈಬ್ರರಿಗಳಿವೆ. ಪೈಪಾರ್ಸಿಂಗ್‌ನಲ್ಲಿ ಪ್ರತಿಯೊಂದು ಚಿಹ್ನೆಯ ಆದ್ಯತೆಯೇನು, ಅದು ಎಡದಿಂದ ಜೋಡಿಸುವುದೋ ಬಲದಿಂದಲೋ ಎಂಬುದನ್ನು ಒಂದು ಪಟ್ಟಿಯಲ್ಲಿ ಹೇಳಿದರಾಯಿತು. ಮೇಲೆ ಎರಡು ಸಾವಿರ ರೂಪಾಯಿ ತಪ್ಪಿಸಿದ ದೋಷವು ಇಲ್ಲಿ ಒಂದು ಶಬ್ದದಲ್ಲಿ ತೀರುತ್ತದೆ. ಆ ಶಬ್ದ ಎಲ್ಲಿದೆಯೆಂಬುದು ಓದುವವನಿಗೂ ಕಾಣುತ್ತದೆ. ಸೊಗಸಾದ ಕೋಡ್ ಎಂದರೆ ಚಿಕ್ಕ ಕೋಡ್ ಎಂದಷ್ಟೇ ಅರ್ಥವಲ್ಲ. ಪ್ರತಿಯೊಂದು ನಿಯಮ ಒಂದೇ ಕಡೆ ಇರಬೇಕು, ಓದಿದೊಡನೆ ಅದು ನಿಯಮವೆಂದು ತಿಳಿಯಬೇಕು. ನೂರಾರು ಸಾಲು ‘ಹೀಗಿದ್ದರೆ ಹಾಗೆ’ ಎಂದು ಬರೆದ ಪ್ರೋಗ್ರಾಂ ಸರಿಯುತ್ತರ ಕೊಟ್ಟರೂ, ನಾಳೆ ತಿದ್ದಲು ಬರೆದವನಿಗೇ ಕಷ್ಟವಾಗುತ್ತದೆ.

ಇಲ್ಲೊಂದು ಎಚ್ಚರಿಕೆ. ಪೈಥಾನ್‌ನಲ್ಲಿ ‘ಇವ್ಯಾಲ್’ ಎಂಬ ಅಡ್ಡದಾರಿಯಿದೆ. ಬಳಕೆದಾರ ಕೊಟ್ಟ ಸಾಲನ್ನು ಅದಕ್ಕೆ ಒಪ್ಪಿಸಿದರೆ ಉತ್ತರ ಬರುತ್ತದೆ. ಆದರೆ ಅದು ಆ ಸಾಲನ್ನು ಲೆಕ್ಕವೆಂದಲ್ಲ, ಆಜ್ಞೆಯೆಂದು ಓದುತ್ತದೆ. ಕಡತ ಅಳಿಸುವ ಆಜ್ಞೆಯನ್ನು ಯಾರಾದರೂ ಬರೆದರೆ ಅದನ್ನೂ ನಡೆಸೀತು. ನಮ್ಮ ಮೂರು ನಿಯಮಗಳ ಪಾರ್ಸರಿಗೆ ಲೆಕ್ಕವಲ್ಲದೆ ಬೇರೇನೂ ತಿಳಿಯದು. ಅದೇ ಅದರ ಕಾವಲು.

ಪಾರ್ಸಿಂಗ್ ಲೆಕ್ಕಕ್ಕೆ ಮಾತ್ರ ಬೇಕಾದುದಲ್ಲ. ‘ಸೂರ್ಯ’ ಎಂದು ಬೆರಳಚ್ಚು ಮಾಡುವಾಗ ರಕಾರ ಮೊದಲು, ಯಕಾರ ಆಮೇಲೆ. ತೆರೆಯ ಮೇಲಾದರೋ ಯಕಾರ ಮೊದಲು ನಿಂತು, ಅರ್ಕಾವೊತ್ತು ಅದರ ಹಿಂದೆ ಬರುತ್ತದೆ. ಯಾವ ಅಕ್ಷರ ಯಾವ ಸಂಯುಕ್ತಾಕ್ಷರಕ್ಕೆ ಸೇರಿದ್ದು ಎಂಬುದನ್ನು ನಿಯಮಗಳಿಂದ ಗುರುತಿಸಿ, ಸ್ಥಾನ ಬದಲಿಸುವ ಕೆಲಸವನ್ನು ‘ಹಾರ್ಫ್‌ಬಜ್’ ಎಂಬ ಮುಕ್ತ ಲೈಬ್ರರಿ ಮಾಡುತ್ತದೆ. ಆಂಡ್ರಾಯ್ಡ್ ಫೋನು, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಇವೆಲ್ಲ ಅದನ್ನು ಬಳಸುತ್ತವೆ. ನಿಮ್ಮ ಕೈಯ ಫೋನಿನಲ್ಲಿ ಕನ್ನಡ ಸರಿಯಾಗಿ ಮೂಡುವುದರ ಹಿಂದೆಯೂ ಒಂದು ಅನ್ವಯವಿದೆ.

ಮುಕ್ತ ತಂತ್ರಾಂಶವೆಂದರೆ ಪುಕ್ಕಟೆ ಸಿಗುವುದು ಎಂದಷ್ಟೇ ತಿಳಿಯಬೇಡಿ. ಅದರ ಮೂಲವನ್ನು ಓದಬಹುದು, ತಿದ್ದಬಹುದು, ಹಂಚಬಹುದು. ಪ್ರತಿಯೊಂದಕ್ಕೂ ಜೊತೆಗಿರುವ ಪರವಾನಗಿಯ ಷರತ್ತನ್ನು ಪಾಲಿಸಬೇಕು. ಬಬಲೇಶ್ವರದ ವಿದ್ಯಾರ್ಥಿ ಓದುವ ಮೂಲವೂ ದೊಡ್ಡ ಕಂಪನಿಯ ಇಂಜಿನಿಯರ್ ಓದುವ ಮೂಲವೂ ಒಂದೇ.

ಆದ್ದರಿಂದ ಈ ವಾರ ಒಂದು ಕೆಲಸ ಮಾಡಿ. ಐದು ಲೆಕ್ಕದ ಸಾಲುಗಳನ್ನು ಬರೆದು ಉತ್ತರವನ್ನು ಮೊದಲು ಕೈಯಲ್ಲೇ ಕಂಡುಹಿಡಿಯಿರಿ. ಅವುಗಳಲ್ಲಿ 60,000 − 4,000 − 1,000 ಇರಲಿ. 16 − × 150 ಎಂಬ ತಪ್ಪು ಸಾಲೂ ಇರಲಿ. ಅದಕ್ಕೆ ಉತ್ತರ ಬರಬಾರದು, ತಪ್ಪು ಎಲ್ಲಿದೆಯೆಂಬ ಸೂಚನೆ ಬರಬೇಕು. ಬಳಿಕ ಮೂರು ನಿಯಮಗಳ ಪಾರ್ಸರನ್ನು ನೀವೇ ಬರೆದು ಪರೀಕ್ಷಿಸಿ. ಅದಾದ ಮೇಲೆ ಲೈಬ್ರರಿಯನ್ನು ತೆರೆದು, ಬೇರೆಯವರು ಅದೇ ಕೆಲಸವನ್ನು ಹೇಗೆ ಮಾಡಿದ್ದಾರೆಂದು ಓದಿ. ಆಗ ನೀವು ಅದನ್ನು ಬಳಸುವುದು ನಂಬಿಕೆಯಿಂದಲ್ಲ, ತಿಳಿವಳಿಕೆಯಿಂದ.